ಕೊಬ್ಬು ಬೆರಳಿಗೆ ಅಂಟುತ್ತಿದೆ ಅಂತ ಬರೆದಿದ್ದೀರಲ್ಲ

ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಣ್ಣತಮ್ಮ ಸೇರಿ ಕುರಿ ಸಾಕುತ್ತಿದ್ದೀರಿ. ಮೊದಲು ಹೊರಗೆ ಹುಲ್ಲು ಮೇಯಿಸುತ್ತಿದ್ದಿರಿ, ಈಚೆಗೆ ಮರಿಗಳನ್ನು ಕೊಟ್ಟಿಗೆಯಲ್ಲೇ ಕೂಡಿ ಪುಡಿ ಮಾಡಿದ ಧಾನ್ಯ ಹಾಕುತ್ತಿದ್ದೀರಿ. ತೂಕ ಬೇಗ ಬಂತು. ಆದರೆ ಕೊಬ್ಬು ಗಟ್ಟಿಯಾಗಿ ಕೂರದೆ ಬೆರಳಿಗೆ ಎಣ್ಣೆಯ ಹಾಗೆ ಅಂಟುತ್ತಿದೆ, ಮಾಂಸ ಕೆಲವು ಸಲ ಎಷ್ಟು ಬೇಯಿಸಿದರೂ ಬಿಗಿ. ಮೇವಿನದ್ದೇ ತಪ್ಪು ಅಂತ ನೀವು. ತಳಿ ಸರಿಯಿಲ್ಲ, ಹಿಂಭಾಗ ತುಂಬಿಕೊಂಡಿರುವ ಒಂದು ಟಗರು ತಂದರೆ ಎಲ್ಲ ಸರಿಹೋಗುತ್ತದೆ ಅಂತ ನಿಮ್ಮ ತಮ್ಮ. ಯಾರು ಸರಿ ಅಂತ ಕೇಳಿದ್ದೀರಿ.

ಕೊಬ್ಬಿನ ವಿಷಯದಲ್ಲಿ ನೀವು ಸರಿ. ಬಿಗಿಯ ವಿಷಯದಲ್ಲಿ ತಮ್ಮನ ಮಾತಿನಲ್ಲಿ ಅರ್ಧ ನಿಜ ಇದೆ. ಆದರೆ ಅವರು ತರಬೇಕು ಅಂತಿರುವ ಟಗರೇ ಆ ಬಿಗಿಯನ್ನು ಇನ್ನೂ ಹೆಚ್ಚಿಸಬಹುದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಕೊಬ್ಬು. ಹಂದಿ, ಕೋಳಿ ಏನು ತಿನ್ನುತ್ತವೋ ಅದರ ಗುಣ ನೇರವಾಗಿ ಅವುಗಳ ಕೊಬ್ಬಿಗೆ ಇಳಿಯುತ್ತದೆ. ಎಣ್ಣೆಯಂಶ ಜಾಸ್ತಿ ಇರುವ ಮೇವು ತಿಂದ ಹಂದಿಯ ಕೊಬ್ಬು ಮೆತ್ತಗೆ ಆಗುತ್ತದೆ. ಮೆಲುಕು ಹಾಕುವ ಪ್ರಾಣಿ ಹಾಗಲ್ಲ. ಅದರ ಹೊಟ್ಟೆಯ ದೊಡ್ಡ ಚೀಲದಲ್ಲಿ, ಅಂದರೆ ರೂಮೆನ್‌ನಲ್ಲಿ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಮೇವಿನಲ್ಲಿ ಬಂದ ಎಣ್ಣೆಗೆ ಅವು ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿಬಿಡುತ್ತವೆ. ಕುರಿ ಕೊಬ್ಬು ತಣ್ಣಗಾದರೆ ಮೇಣದ ಹಾಗೆ ಕೂರುವುದು ಅದರಿಂದಲೇ.

ಹಾಗಾದರೆ ನಿಮ್ಮ ಕುರಿಯ ಕೊಬ್ಬು ಯಾಕೆ ಕೂರುತ್ತಿಲ್ಲ? ಪುಡಿ ಧಾನ್ಯದಿಂದ. ಹುಲ್ಲು ರೂಮೆನ್‌ನಲ್ಲಿ ನಿಧಾನಕ್ಕೆ ಹುದುಗುತ್ತದೆ, ಅಸಿಟಿಕ್ ಆಮ್ಲ ಜಾಸ್ತಿ ಹುಟ್ಟುತ್ತದೆ. ಪುಡಿ ಧಾನ್ಯ ಸರ್ರನೆ ಹುದುಗುತ್ತದೆ, ಪ್ರೊಪಿಯೋನಿಕ್ ಆಮ್ಲದ ಪಾಲು ಏರುತ್ತದೆ. ಅದನ್ನು ಸಕ್ಕರೆಯಾಗಿ ಮಾಡುವುದು ಪಿತ್ತಜನಕಾಂಗದ ಕೆಲಸ. ಅದರ ಕೈಮೀರಿ ಬಂದದ್ದು ಕೊಬ್ಬು ಕಟ್ಟುವ ಜಾಗಕ್ಕೆ ಹೋಗಿ ಸೇರುತ್ತದೆ, ಆಗ ನೇರ ಸರಪಳಿಯ ಬದಲು ಕವಲೊಡೆದ ಕೊಬ್ಬಿನಾಮ್ಲಗಳು ತಯಾರಾಗುತ್ತವೆ. ನೇರ ಕಡ್ಡಿಗಳನ್ನು ಹೊರೆ ಕಟ್ಟಿದರೆ ಬಿಗಿಯಾಗಿ ಕೂರುತ್ತವೆ. ಕವಲಿರುವ ಕಡ್ಡಿಗಳನ್ನು ಎಷ್ಟು ಅದುಮಿದರೂ ನಡುವೆ ಸಂದು ಉಳಿಯುತ್ತದೆ, ಅಲ್ವಾ? ಇಲ್ಲಿ ಆಗುವುದೂ ಅದೇ.

ಇದನ್ನು ನಾನು ಕೈಯಲ್ಲಿ ಮುಟ್ಟಿ ನೋಡಿದ್ದೇನೆ. ಮಾಂಸ ಕತ್ತರಿಸುವ ಕೋಣೆಯೊಂದರಲ್ಲಿ ಒಬ್ಬರು ಎರಡು ಕುರಿಗಳ ಮೂತ್ರಪಿಂಡದ ಸುತ್ತಲಿನ ಕೊಬ್ಬನ್ನು ಪಕ್ಕಪಕ್ಕ ಇಟ್ಟು, ಹೆಬ್ಬೆಟ್ಟು ಒತ್ತಿ ಅಂದರು. ಹುಲ್ಲು ತಿಂದ ಕುರಿಯದ್ದು ಒತ್ತಿದಾಗ ಬಿರುಕು ಬಿಟ್ಟು ಪುಡಿಪುಡಿಯಾಯಿತು. ಪುಡಿ ಧಾನ್ಯ ತಿಂದ ಇನ್ನೊಂದರದ್ದರಲ್ಲಿ ನನ್ನ ಬೆರಳಿನ ಗುರುತು ಹಾಗೇ ಉಳಿಯಿತು, ಬೆರಳು ಎತ್ತಿದರೆ ತೆಳ್ಳಗೆ ಜಿಡ್ಡು. ಎರಡೂ ಒಂದೇ ಹಿಂಡಿನ ಮರಿಗಳು. ನೀವೂ ಮುಂದಿನ ಸಲ ಹೀಗೇ ಒತ್ತಿ ನೋಡಿ, ಯಾವ ಯಂತ್ರವೂ ಬೇಡ.

ಪರಿಹಾರ ಸುಲಭ. ಧಾನ್ಯ ಪುಡಿ ಮಾಡಬೇಡಿ, ಇಡಿಯಾಗಿ ಕೊಡಿ. ಸ್ಕಾಟ್ಲೆಂಡಿನ ರೊವೆಟ್ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಇಡೀ ಕಾಳು ತಿಂದ ಮರಿಗಳ ಕೊಬ್ಬು ಅರೆದು ಉಂಡೆಗಟ್ಟಿದ ಧಾನ್ಯ ತಿಂದವುಗಳಿಗಿಂತ ಗಟ್ಟಿಯಾಗಿತ್ತು. ಕುರಿ ಕಾಳನ್ನು ಚೆನ್ನಾಗಿ ಅಗಿಯುತ್ತದೆ, ಅಗಿದಷ್ಟೂ ಜೊಲ್ಲು ಇಳಿಯುತ್ತದೆ, ಆ ಜೊಲ್ಲು ರೂಮೆನ್‌ನ ಹುಳಿಯನ್ನು ತಡೆಯುತ್ತದೆ. ಜೊತೆಗೆ ಉದ್ದನೆಯ ಒಣಹುಲ್ಲು ಇರಲೇಬೇಕು. ಒಂದೇ ವಾರದಲ್ಲಿ ಕೊಬ್ಬು ಬದಲಾಗುವುದಿಲ್ಲ, ಈಗಾಗಲೇ ಕಟ್ಟಿದ್ದು ಹಾಗೇ ಇರುತ್ತದೆ. ಹೊಸ ಮರಿಗಳಿಂದ ಶುರು ಮಾಡಿ.

ತಳಿಯೋ ಮೇವೋ ಅಂತ ಯಾರು ಕೇಳಿದರೂ ನಾನು ಹೇಳುವ ಒಂದು ಉದಾಹರಣೆ ಇದೆ. ಹಸಿರು ಹುಲ್ಲಿನಲ್ಲಿ ಕ್ಯಾರೋಟಿನ್ ಅನ್ನುವ ಹಳದಿ ಬಣ್ಣದ ವಸ್ತು ಇರುತ್ತದೆ. ಹುಲ್ಲು ತಿಂದ ದನದ ಕೊಬ್ಬು ಹಳದಿ ಆಗುವುದು ಅದರಿಂದ. ಕುರಿಯ ಕೊಬ್ಬು ಮಾತ್ರ ಬೆಳ್ಳಗೇ ಇರುತ್ತದೆ, ಯಾಕೆಂದರೆ ಅದರ ಮೈಯಲ್ಲಿ ಆ ಬಣ್ಣವನ್ನು ಒಡೆದುಹಾಕುವ ಕಿಣ್ವ ಇದೆ. ಆದರೆ ನಾರ್ವೆಯಲ್ಲಿ ಕೆಲವು ಕುರಿಗಳ ಕೊಬ್ಬು ಹಳದಿಯಾಗಿ ಬರುತ್ತಿತ್ತು. ಹುಡುಕಿದಾಗ, ಆ ಕಿಣ್ವ ಮಾಡುವ ಜೀನ್ ಅವುಗಳಲ್ಲಿ ಮುರಿದಿರುವುದು 2010ರಲ್ಲಿ ಗೊತ್ತಾಯಿತು. ತಂದೆ ತಾಯಿ ಇಬ್ಬರಿಂದಲೂ ಮುರಿದ ಜೀನೇ ಬಂದಿದ್ದರೆ ಮಾತ್ರ ಹೀಗಾಗುತ್ತದೆ. ಈಗ ಯೋಚಿಸಿ: ಜೀನ್ ಮುರಿದಿದ್ದರೂ, ಕ್ಯಾರೋಟಿನ್ ಇಲ್ಲದ ಮೇವು ಕೊಟ್ಟರೆ ಕೊಬ್ಬು ಹಳದಿ ಆಗುವುದಿಲ್ಲ. ಹಸಿರು ಹುಲ್ಲು ಎಷ್ಟು ತಿಂದರೂ, ಜೀನ್ ಸರಿ ಇದ್ದರೆ ಆಗಲೂ ಆಗುವುದಿಲ್ಲ. ಎರಡೂ ಕೂಡಿದಾಗ ಮಾತ್ರ ಬಣ್ಣ. ಇಲ್ಲಿ ಎಷ್ಟು ಪಾಲು ತಳಿ, ಎಷ್ಟು ಪಾಲು ಮೇವು ಅಂತ ಹೇಗೆ ಹಂಚುವುದು?

ಇನ್ನು ನಿಮ್ಮ ತಮ್ಮನ ಟಗರು.

1983ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಡಾರ್ಸೆಟ್ ತಳಿಯ ಒಂದು ಟಗರು ಹುಟ್ಟಿತು. ಅದಕ್ಕೆ ಸಾಲಿಡ್ ಗೋಲ್ಡ್ ಅಂತ ಹೆಸರಿಟ್ಟರು. ಅದರ ಹಿಂಭಾಗ ನೋಡಿದವರೆಲ್ಲ ನಿಂತು ನೋಡುವಷ್ಟು ತುಂಬಿಕೊಂಡಿತ್ತು, ಅದರ ಮರಿಗಳಲ್ಲೂ ಆ ಗುಣ ಬಂತು. ಮಾಂಸ ಜಾಸ್ತಿ, ಕೊಬ್ಬು ಕಡಿಮೆ, ತಿಂದ ಮೇವಿಗೆ ಒಳ್ಳೆಯ ಬೆಳವಣಿಗೆ. ಸಾಕುವವರಿಗೆ ಇನ್ನೇನು ಬೇಕು? ಆದರೆ ಬೇಯಿಸಿ ತಿಂದಾಗ ಬೆನ್ನಿನ ಮಾಂಸ ಅಗಿಯಲಾರದಷ್ಟು ಬಿಗಿ. ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಾಣಿ ಸತ್ತ ಮೇಲೆ ಮಾಂಸ ತಾನಾಗಿ ಮೆತ್ತಗಾಗುವುದು ಕ್ಯಾಲ್ಪೈನ್ ಎಂಬ ಕಿಣ್ವದಿಂದ. ಅದು ಸ್ನಾಯುವಿನ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಕ್ಯಾಲ್ಪಾಸ್ಟಾಟಿನ್ ಅದನ್ನು ತಡೆಯುವ ಕಾವಲುಗಾರ. ಈ ಟಗರಿನ ವಂಶದಲ್ಲಿ ಕಾವಲುಗಾರ ತುಂಬ ಜಾಸ್ತಿ. ಬದುಕಿದ್ದಾಗ ಸ್ನಾಯು ಸವೆಯುವುದಿಲ್ಲ, ಆದ್ದರಿಂದ ಹಿಂಭಾಗ ತುಂಬುತ್ತದೆ. ಸತ್ತ ಮೇಲೂ ಸವೆಯುವುದಿಲ್ಲ, ಆದ್ದರಿಂದ ಹಲ್ಲಿಗೆ ಬಗ್ಗುವುದಿಲ್ಲ. ತೂಕ ಕೊಟ್ಟ ಗುಣವೇ ರುಚಿ ಕಸಿದುಕೊಂಡಿತು. ಈ ಜೀನಿಗೆ ಕ್ಯಾಲಿಪೈಜ್ ಅಂತ ಹೆಸರು. ಇದರ ಗುಣ ಕಾಣುವುದು ಅದು ತಂದೆಯಿಂದ ಬಂದು, ತಾಯಿಯಿಂದ ಮಾಮೂಲಿ ಜೀನ್ ಬಂದಾಗ ಮಾತ್ರ. ಅಂದರೆ ನಿಮ್ಮ ಮಾಮೂಲಿ ಕುರಿಗಳ ಮೇಲೆ ಅಂಥ ಟಗರು ಬಿಟ್ಟರೆ ಅದು ಸರಿಯಾಗಿ ಕೆಲಸ ಮಾಡುವ ಜೋಡಿಯೇ ಆಗುತ್ತದೆ.

ತುಂಬಿದ ಹಿಂಭಾಗವೆಲ್ಲ ಹೀಗೇ ಅಂತಲ್ಲ. ಟೆಕ್ಸೆಲ್ ಕುರಿಗಳ ಮಾಂಸಲತೆ ಬೇರೆ ಜೀನಿನದು, ಮಯೋಸ್ಟಾಟಿನ್‌ದು, ಅದರಲ್ಲಿ ಕ್ಯಾಲಿಪೈಜ್‌ನಷ್ಟು ಬಿಗಿ ಬರುವುದಿಲ್ಲ. ಅದಕ್ಕೇ ಕಣ್ಣಲ್ಲಿ ನೋಡಿ ಟಗರು ಆರಿಸಬೇಡಿ ಅನ್ನುತ್ತೇನೆ. ಹೊರಗೆ ಎರಡೂ ಒಂದೇ ಥರ ಕಾಣಬಹುದು.

ಹಂದಿಗಳಲ್ಲೂ ಹೀಗೇ ಆಗಿತ್ತು. ಕೊಬ್ಬು ಕಡಿಮೆ, ಮಾಂಸ ಜಾಸ್ತಿ ಅಂತ ಆರಿಸುತ್ತಾ ಹೋದರು, ಜೊತೆಗೆ ಒಂದು ದೋಷದ ಜೀನನ್ನೂ ಆರಿಸಿಕೊಂಡರು. ಆ ಹಂದಿಗಳು ಸ್ವಲ್ಪ ಗಾಬರಿಯಾದರೂ ಮೈ ಬಿಸಿಯೇರಿ ಸತ್ತೇ ಹೋಗುತ್ತಿದ್ದವು. ಬದುಕಿ ಕಸಾಯಿಖಾನೆ ಮುಟ್ಟಿದವುಗಳ ಮಾಂಸ ಬಿಳುಚಿಕೊಂಡು, ಮೆತ್ತಗಾಗಿ, ತಟ್ಟೆ ತುಂಬ ನೀರು ಬಿಡುತ್ತಿತ್ತು. 1991ರಲ್ಲಿ ಜೀನ್ ಸಿಕ್ಕಿತು, ಪರೀಕ್ಷೆ ಬಂತು, ಆಮೇಲೆ ಅನೇಕ ಹಿಂಡುಗಳಿಂದ ಅದನ್ನು ತೆಗೆದುಹಾಕಿದರು. ಎಷ್ಟು ಪ್ರಾಣಿಗಳು ಸುಮ್ನೆ ನರಳಿದವು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನು ನಿಮ್ಮ ಪತ್ರದ ಕೊನೆಯಲ್ಲಿರುವ ಎರಡು ಸಾಲಿನ ಬಗ್ಗೆ. ಮರಿಗಳನ್ನು ಹಿಂದಿನ ದಿನ ಗಾಡಿಯಲ್ಲಿ ತುಂಬಿ ದೂರ ಕಳಿಸುತ್ತೀರಿ, ಕೊಯ್ದ ಕೂಡಲೇ ಚರ್ಮ ಸುಲಿದು ತಣ್ಣನೆಯ ಕೋಣೆಗೆ ಹಾಕಿಸುತ್ತೀರಿ ಅಂತ ಬರೆದಿದ್ದೀರಿ. ನೀವು ಸುಮ್ಮನೆ ಬರೆದಿರಬಹುದು, ನನಗೆ ಮಾತ್ರ ಅಲ್ಲೇ ಕಣ್ಣು ನಿಂತಿತು. ಹುಳಿಯನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಬದುಕಿರುವ ಸ್ನಾಯುವಿನ ಪಿಎಚ್ ಸುಮಾರು 7. ಅದರಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಸತ್ತ ಮೇಲೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಪಿಎಚ್ ಒಂದು ದಿನದಲ್ಲಿ 5.5ರ ಹತ್ತಿರ ಇಳಿಯುತ್ತದೆ. ಹಸಿದು, ಹೆದರಿ, ಗುದ್ದಾಡಿ ಬಂದ ಕುರಿಯಲ್ಲಿ ಗ್ಲೈಕೋಜನ್ ಮೊದಲೇ ಖಾಲಿ. ಪಿಎಚ್ 6ರ ಮೇಲೇ ನಿಲ್ಲುತ್ತದೆ, ಮಾಂಸ ಕಪ್ಪಗೆ, ಅಂಟಂಟಾಗಿ ಇರುತ್ತದೆ, ಬೇಗ ಕೆಡುತ್ತದೆ. ತಿಂಗಳುಗಟ್ಟಲೆ ಹಾಕಿದ ಮೇವು ಒಂದು ರಾತ್ರಿಯಲ್ಲಿ ಹೋಯಿತು.

ತಣ್ಣನೆಯ ಕೋಣೆಯದ್ದು ಇನ್ನೊಂದು ಕಥೆ. ಸತ್ತ ಮೇಲೆ ಸ್ನಾಯು ಸೆಟೆದುಕೊಳ್ಳುವ ಮುಂಚೆಯೇ 10 ಡಿಗ್ರಿಗಿಂತ ಕೆಳಗೆ ತಣಿಸಿದರೆ ಅದು ಮುದುರಿಕೊಂಡುಬಿಡುತ್ತದೆ, ಆಮೇಲೆ ಬೇಯಿಸಿದರೂ ಬಿಚ್ಚುವುದಿಲ್ಲ. ನ್ಯೂಜಿಲೆಂಡಿನಲ್ಲಿ 1963ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ, 14ರಿಂದ 19 ಡಿಗ್ರಿಯಲ್ಲಿ ಮುದುರುವುದು ಎಲ್ಲಕ್ಕಿಂತ ಕಡಿಮೆ. ಕುರಿ ಸಣ್ಣ ಪ್ರಾಣಿ, ಬೇಗ ತಣಿಯುತ್ತದೆ. ಮೈಮೇಲೆ ಕೊಬ್ಬಿನ ಹೊದಿಕೆ ಇದ್ದರೆ ಸ್ವಲ್ಪ ರಕ್ಷಣೆ, ಬಡಕಲು ಮರಿಗೆ ಅದೂ ಇಲ್ಲ. ನಿಮ್ಮ ಮಾಂಸ ಯಾವಾಗಲೂ ಅಲ್ಲ, "ಕೆಲವು ಸಲ" ಬಿಗಿ ಅಂದಿರಲ್ಲ, ಅದಕ್ಕೆ ಕಾರಣ ಇಲ್ಲೇ ಇರಬಹುದು.  ಶುಚಿ ಕೆಡದ ಹಾಗೆ ನೋಡಿಕೊಂಡು, ಮೊದಲ ಕೆಲವು ಗಂಟೆ ನಿಧಾನಕ್ಕೆ ತಣಿಸಿ ಅಂತ ಅಲ್ಲಿಯವರಿಗೆ ಹೇಳಿ ನೋಡಿ.

ಟಗರು ತರಲೇಬೇಕು ಅಂತ ತಮ್ಮ ಹಟ ಹಿಡಿದರೆ ಬೇಡ ಅನ್ನಬೇಡಿ, ಹೊಸ ರಕ್ತ ಒಳ್ಳೆಯದೇ. ಆದರೆ ಹಣ ಕೊಡುವ ಮುಂಚೆ ಅದರ ಮರಿಗಳು ಎಷ್ಟು ತೂಗುತ್ತವೆ ಅಂತ ಮಾತ್ರ ಕೇಳದೆ, ಆ ಮರಿಗಳ ಬೆನ್ನಿನ ಮಾಂಸ ತಿಂದವರು ಒಬ್ಬರನ್ನಾದರೂ ಹುಡುಕಿ, ಅಗಿಯೋಕೆ ಹೇಗಿತ್ತು ಅಂತ ಕೇಳಿಕೊಂಡು ಬರಲಿ.

— ಸಂಪಾದಕ