ಬೋರ್ ಮೋಟರಿಗೆ ಬೇಡದ ಮ್ಯಾಗ್ನೆಟ್ ಸ್ಕೂಟರಿಗೆ ಯಾಕೆ ಬೇಕು?

ನಮಸ್ಕಾರ ಮೇಸ್ತ್ರಿಗಳೇ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ತಡವಾಗಿದ್ದಕ್ಕೆ ಬೈಕೊಳ್ಳಬೇಡಿ, ಎರಡು ಸಾಲಲ್ಲಿ ಮುಗಿಯೋ ಪ್ರಶ್ನೆ ಆಗಿದ್ದರೆ ಅವತ್ತೇ ಬರೆಯುತ್ತಿದ್ದೆ.

ಉಳಿದ ಓದುಗರಿಗೆ ಸ್ವಲ್ಪ ಹಿನ್ನೆಲೆ. ಇವರದು ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ. ಹೋದ ಸಂಚಿಕೆಯಲ್ಲಿ ನಾವು ಕರೆಂಟ್ ಗಾಡಿಗಳ ಹೊಸ ಮೋಟರ್ ಬಗ್ಗೆ 'ಬಂತು ಮ್ಯಾಗ್ನೆಟ್ ಇಲ್ಲದ ಮೋಟರ್!' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಅದಕ್ಕೆ ಇವರು ಬರೆದದ್ದು: "26 ವರ್ಷದಿಂದ ನಾನು ಸುತ್ತುತ್ತಿರುವುದು ಮ್ಯಾಗ್ನೆಟ್ ಇಲ್ಲದ ಮೋಟರೇ. ಬೋರ್‌ವೆಲ್ ಮೋಟರ್, ಹಿಟ್ಟಿನ ಗಿರಣಿ ಮೋಟರ್, ಯಾವುದರಲ್ಲೂ ಒಂದು ಚೂರು ಮ್ಯಾಗ್ನೆಟ್ ಇಲ್ಲ. ಇದರಲ್ಲಿ ಹೊಸದೇನು? ಮಗ ಕರೆಂಟ್ ಸ್ಕೂಟರ್ ಕೇಳುತ್ತಿದ್ದಾನೆ, ಹೊಸ ಮೋಟರ್ ಬರೋವರೆಗೂ ಕಾಯಲಾ? ಮತ್ತೆ ನಮ್ಮ ಅಂಗಡಿ ಗತಿ ಏನು?"

ತಲೆಬರಹದ ತಪ್ಪು ನಮ್ಮದೇ. ನಿಮ್ಮ ಇಂಡಕ್ಷನ್ ಮೋಟರಿಗೆ ನಿಕೊಲಾ ಟೆಸ್ಲಾ ಪೇಟೆಂಟ್ ಪಡೆದದ್ದು 1888ರಲ್ಲಿ. ಅವನ ಹೆಸರಿಟ್ಟುಕೊಂಡ ಕಂಪನಿ 2008ರ ರೋಡ್‌ಸ್ಟರ್, 2012ರ ಮಾಡೆಲ್ ಎಸ್ ಕಾರುಗಳನ್ನು ಓಡಿಸಿದ್ದೂ ಇದೇ ಜಾತಿಯ ಮೋಟರಿನಿಂದ. ನಮ್ಮ ಬೆಂಗಳೂರಲ್ಲೇ ತಯಾರಾದ ಮಹೀಂದ್ರಾ ಇ-ಟು-ಓ ಕಾರಿನಲ್ಲೂ ಇದ್ದದ್ದು ಮೂರು ಫೇಸಿನ ಇಂಡಕ್ಷನ್ ಮೋಟರ್. ಆದರೆ ಅದೇ ಟೆಸ್ಲಾ 2017ರ ಮಾಡೆಲ್ 3ಗೆ ಮ್ಯಾಗ್ನೆಟ್ ಹಾಕಿತು. ಯಾಕೆ ಅನ್ನೋದೇ ಇಲ್ಲಿನ ವಿಷಯ.

ನೀವು ಸುತ್ತಿದ ಬೋರ್ ಮೋಟರಿನ ನೇಮ್ ಪ್ಲೇಟ್ ನೆನಪಿಸಿಕೊಳ್ಳಿ. ನಿಮಿಷಕ್ಕೆ 2880 ಸುತ್ತು ಅಂತಲೋ ಅದರ ಹತ್ತಿರದ್ದೋ ಇರುತ್ತದೆ, ಕಾಯಿಲ್‌ಗಳ ಕಾಂತಕ್ಷೇತ್ರ ತಿರುಗುವ 3000 ಇರುವುದಿಲ್ಲ. ರೋಟರ್, ಅಂದರೆ ತಿರುಗುವ ಭಾಗ, ಆ ಕಾಂತಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬಿದ್ದರೇನೇ ಅದರ ಲೋಹದ ಬಾರ್‌ಗಳಲ್ಲಿ ಕರೆಂಟ್ ಹುಟ್ಟುವುದು, ಆ ಕರೆಂಟ್ ಹುಟ್ಟಿದರೇನೇ ಅದು ತಿರುಗುವುದು, ಮತ್ತು ಹಿಂದೆ ಬಿದ್ದ ಆ 120 ಸುತ್ತಿನ ಲೆಕ್ಕವೆಲ್ಲ ರೋಟರಿನೊಳಗೆ ಬಿಸಿಯಾಗಿ ಹೋಗುತ್ತದೆ. ಬೋರ್‌ನಲ್ಲಿ ಅದು ನಿಮ್ಮ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಮೋಟರ್ ಹಗಲೂ ರಾತ್ರಿ ತಣ್ಣನೆ ನೀರಲ್ಲಿ ಮುಳುಗಿದೆ, ಮೋಟರಿನ ತೂಕ ಎಷ್ಟಿದ್ದರೂ ಕೇಳುವವರಿಲ್ಲ, ಕರೆಂಟ್ ಕಂಬದಿಂದ ಬರುತ್ತದೆ. ಸ್ಕೂಟರಿನಲ್ಲಿ ಕರೆಂಟನ್ನು ದುಡ್ಡು ಕೊಟ್ಟು ಬ್ಯಾಟರಿಯಲ್ಲಿ ಹೊತ್ತು ತಿರುಗಬೇಕು. ನೂರಕ್ಕೆ ನಾಲ್ಕೈದು ಸೋರಿದರೂ ಅಷ್ಟು ಕಿಲೋಮೀಟರ್ ಕಡಿಮೆ. ಮ್ಯಾಗ್ನೆಟ್ ಇದ್ದರೆ ರೋಟರಿನ ಕಾಂತಶಕ್ತಿ ಪುಕ್ಕಟೆ, ಅದನ್ನು ಹುಟ್ಟಿಸಲು ಆಂಪ್ಸ್ ಖರ್ಚಾಗುವುದಿಲ್ಲ. ಮೋಟರೂ ಚಿಕ್ಕದಾಗುತ್ತದೆ.

ಆ ಮ್ಯಾಗ್ನೆಟ್ ಎಂಥದ್ದು ಅಂತ ನನ್ನ ಬೆರಳಿಗೆ ಗೊತ್ತು. ಆಫೀಸಿನ ಸ್ಕೂಟರಿನ ಚಕ್ರದೊಳಗಿನ ಹಬ್ ಮೋಟರ್ ಹೋದ ಬೇಸಿಗೆಯಲ್ಲಿ ಕೆಟ್ಟಿತು. ಕಂಪನಿ ಹೆಸರು ಬೇಡ ಬಿಡಿ. ಬದಲಿ ಮೋಟರಿಗೆ ಎರಡೂವರೆ ತಿಂಗಳು ಕಾಯಿಸಿದರು. ಕಾಯುವಾಗ ಸುಮ್ನೆ ಕೂರಲಾರದೆ ಅದನ್ನು ಬಿಚ್ಚಿದೆ. ಕವರ್ ಎಷ್ಟು ಎಳೆದರೂ ಬರಲಿಲ್ಲ, ಬಂದ ತಕ್ಷಣ ಫಟ್ ಅಂತ ವಾಪಸ್ ಕಚ್ಚಿಕೊಂಡಿತು, ನಡುವೆ ನನ್ನ ಬೆರಳು. ಉಗುರು ಒಂದು ತಿಂಗಳು ಕಪ್ಪಾಗಿತ್ತು. ಒಳಗೆ ರಿಮ್ಮಿನ ಸುತ್ತ ಬಿಸ್ಕತ್ತಿನಂಥ ತೆಳ್ಳನೆ ತುಂಡುಗಳನ್ನು ಸಾಲಾಗಿ ಅಂಟಿಸಿದ್ದರು. ಒಂದು ತುಂಡು ಅಂಟು ಬಿಟ್ಟು, ತಿರುಗದೆ ನಿಂತಿರುವ ಕಾಯಿಲ್ ಭಾಗಕ್ಕೆ, ಅಂದರೆ ಸ್ಟೇಟರಿಗೆ, ಉಜ್ಜಿ ಗೀರು ಹಾಕಿತ್ತು.

ಆ ಬಿಸ್ಕತ್ತು ನಿಯೋಡೈಮಿಯಮ್, ಕಬ್ಬಿಣ, ಬೋರಾನ್ ಸೇರಿದ್ದು. 1980ರ ದಶಕದ ಶುರುವಿನಲ್ಲಿ ಜಪಾನಿನ ಮಸಾಟೊ ಸಗಾವ ಒಂದು ಕಡೆ, ಅಮೆರಿಕದ ಜನರಲ್ ಮೋಟರ್ಸ್‌ನ ಜಾನ್ ಕ್ರೋಟ್ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಕಂಡುಹಿಡಿದರು. ಬಿಸಿ ಏರಿದರೆ ಇದು ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ಡಿಸ್ಪ್ರೋಸಿಯಮ್, ಟರ್ಬಿಯಮ್ ಸೇರಿಸುತ್ತಾರೆ. ಇವನ್ನೆಲ್ಲ 'ಅಪರೂಪದ' ಲೋಹ ಅಂತಾರೆ, ನಿಜ ಹೇಳಬೇಕೆಂದರೆ ನೆಲದಲ್ಲಿ ನಿಯೋಡೈಮಿಯಮ್ ಸೀಸಕ್ಕಿಂತ ಜಾಸ್ತಿ ಇದೆ. ಅದನ್ನು ಬೇರ್ಪಡಿಸುವ ಕೊಳಕು ಕೆಲಸವನ್ನು ಬಹುಪಾಲು ಚೀನಾ ಒಂದೇ ಮಾಡುತ್ತಿದೆ, ಕಷ್ಟ ಇರುವುದು ಅಲ್ಲಿ. 2025ರ ಏಪ್ರಿಲ್ 4ರಂದು ಅವರು ಈ ಜಾತಿಯ ಏಳು ಲೋಹಗಳ ಮೇಲೂ ಅವುಗಳಿಂದಾಗುವ ಮ್ಯಾಗ್ನೆಟ್ ಮೇಲೂ ರಫ್ತು ಲೈಸೆನ್ಸ್ ಹಾಕಿದ ಮೇಲೆ ನಮ್ಮ ಗಾಡಿ ಕಂಪನಿಗಳಿಗೆ ದಿಗಿಲು ಹತ್ತಿತು.

ಈಗ ಹೊಸದೇನು ಅನ್ನೋದಕ್ಕೆ ಬರುತ್ತೇನೆ. ಒಂದು ಕಾಯಿಲ್ ಸುತ್ತಿ ಕರೆಂಟ್ ಕೊಟ್ಟು ಹತ್ತಿರ ಮೊಳೆ ಹಿಡಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ ಅಲ್ವಾ? ಮೊಳೆಯಲ್ಲಿ ಮ್ಯಾಗ್ನೆಟ್ಟೂ ಇಲ್ಲ, ತಂತಿಯೂ ಇಲ್ಲ. ರಿಲಕ್ಟೆನ್ಸ್ ಮೋಟರ್ ಅಂದರೆ ಇಷ್ಟೇ. ರೋಟರ್ ಬರೀ ಹಲ್ಲು ಹಲ್ಲಾಗಿ ಕತ್ತರಿಸಿದ ಸ್ಟ್ಯಾಂಪಿಂಗ್, ಅಂದರೆ ಕಬ್ಬಿಣದ ತಗಡುಗಳ ಕಟ್ಟು. ಹಲ್ಲು ಎದುರಿಗೆ ಬಂದ ಕ್ಷಣಕ್ಕೆ ಸರಿಯಾಗಿ ಆ ಕಾಯಿಲ್ ಬಂದ್ ಮಾಡಿ ಪಕ್ಕದ್ದು ಆನ್ ಮಾಡಬೇಕು. ಸ್ವಲ್ಪ ತಡವಾದರೂ ಅದು ಹಿಂದಕ್ಕೆ ಎಳೆಯುತ್ತದೆ. ಈ ಉಪಾಯವೂ ಹಳೆಯದೇ, 1842ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಡೇವಿಡ್ಸನ್ ಇದೇ ತತ್ವದ ಮೋಟರ್ ಹಾಕಿ ರೈಲು ಹಳಿ ಮೇಲೆ ಗಾಡಿ ಓಡಿಸಿದ್ದ. ಅವನ ಹತ್ತಿರ ಇಲ್ಲದ್ದು ಕಂಟ್ರೋಲರ್. ಸೆಕೆಂಡಿಗೆ ಸಾವಿರಾರು ಸಲ ಲೆಕ್ಕ ಹಾಕಿ ಸ್ವಿಚ್ ಮಾಡುವ ಚಿಪ್ಪು ಅಗ್ಗವಾಗಿದ್ದು ಈಗ. ಹಾಗಾಗಿ ಹೊಸತನ ಇರುವುದು ಮೋಟರಿನಲ್ಲಲ್ಲ, ಅದರ ಪಕ್ಕದ ಡಬ್ಬಿಯಲ್ಲಿ.

ತೊಂದರೆಯೂ ಇದೆ. ಎಳೆತ ಬಿಟ್ಟು ಬಿಟ್ಟು ಬರುವುದರಿಂದ ಮೋಟರ್ ಗುಂಯ್ ಅಂತ ಕೂಗುತ್ತದೆ. ರೋಟರಿಗೂ ಸ್ಟೇಟರಿಗೂ ನಡುವೆ ಗ್ಯಾಪ್ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು, ಬೇರಿಂಗ್ ಸಡಿಲವಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹೀಗಾಗಿ ರೋಟರಿನಲ್ಲಿ ಹಲ್ಲಿನ ಬದಲು ಒಳಗೆ ಸೀಳು ಕೊಯ್ದ ಇನ್ನೊಂದು ಜಾತಿ ಬಂದಿದೆ, ಬೆಂಗಳೂರಿನ ಚಾರ ಟೆಕ್ನಾಲಜೀಸ್‌ನವರು ಆ ದಾರಿಯಲ್ಲಿದ್ದಾರೆ. ಕೆಲವರು ಆ ಸೀಳುಗಳಲ್ಲಿ ಸ್ಪೀಕರಿನ ಕಪ್ಪು ಫೆರೈಟ್ ಮ್ಯಾಗ್ನೆಟ್ ತುಂಬುತ್ತಾರೆ. ಅದರ ಬಲ ನಿಯೋಡೈಮಿಯಮ್ಮಿನ ಮೂರನೇ ಒಂದು ಪಾಲು, ಆದರೆ ಅಗ್ಗ, ಚೀನಾದ ಲೈಸೆನ್ಸ್ ಬೇಡ. ಇನ್ನು ರೆನೋ ಜೊಯಿ, ಬಿಎಂಡಬ್ಲ್ಯೂ ಐಎಕ್ಸ್3 ಕಾರುಗಳಲ್ಲಿ ರೋಟರಿಗೇ ತಂತಿ ಸುತ್ತಿ ಕರೆಂಟ್ ಕೊಡುತ್ತಾರೆ. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಬಿಚ್ಚಿದವರಿಗೆ ಅದು ಗೊತ್ತಿದ್ದದ್ದೇ.

ಮಗನ ಸ್ಕೂಟರ್ ವಿಷಯ. ಕಾಯಬೇಡಿ, ಕೊಡಿಸಿ. ಚಕ್ರದೊಳಗೇ ಕೂರುವ ಹಬ್ ಮೋಟರ್ ನಿಧಾನಕ್ಕೆ ತಿರುಗುತ್ತಾ ಜೋರಾಗಿ ಎಳೆಯಬೇಕು, ಅಷ್ಟು ಚಿಕ್ಕ ಜಾಗದಲ್ಲಿ ಬಲವಾದ ಮ್ಯಾಗ್ನೆಟ್ ಬಿಟ್ಟರೆ ಸದ್ಯಕ್ಕೆ ಕಷ್ಟ. ಮೋಟರ್ ಚಕ್ರದಿಂದ ಹೊರಗಿದ್ದು ಗೇರಿನಿಂದಲೋ ಬೆಲ್ಟಿನಿಂದಲೋ ಎಳೆಯುವಂತಿದ್ದರೆ ಮ್ಯಾಗ್ನೆಟ್ ಬಿಡುವುದು ಸುಲಭ, ಏಕೆಂದರೆ ಮೋಟರನ್ನು ಜೋರಾಗಿ ತಿರುಗಿಸಿ ಬಲವನ್ನು ಗೇರಿನಲ್ಲಿ ಹೆಚ್ಚಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಮೊದಲು ಬದಲಾಗಬೇಕಾದ್ದು ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳದ ಚೀಲ ಹೊರುವ ಗೂಡ್ಸ್ ಆಟೋಗಳು. ಅವುಗಳಲ್ಲಿ ಜಾಗ ಇದೆ, ನಾಲ್ಕು ಕಿಲೋ ಭಾರ ಜಾಸ್ತಿಯಾದರೆ ಯಾರೂ ಅಳುವುದಿಲ್ಲ.

ಕೊನೆಗೆ ನಿಮ್ಮ ಅಂಗಡಿ. ಮ್ಯಾಗ್ನೆಟ್ ಬಿದ್ದುಹೋದ ರೋಟರನ್ನು ಊರಲ್ಲಿ ರಿಪೇರಿ ಮಾಡೋರು ಕಡಿಮೆ, ಕಾಯಿಲ್ ಸುಟ್ಟ ಸ್ಟೇಟರ್ ನಿಮ್ಮ ಕೈಗೇ ಬರಬೇಕು. ಕಂಟ್ರೋಲರ್ ಕೆಲಸ ಮಾತ್ರ ಮಗನಿಗೆ ಕಲಿಸಿ. ನಮ್ಮ ಹಳೇ ಹಬ್ ಮೋಟರ್ ಇನ್ನೂ ಆಫೀಸಿನ ಮೂಲೆಯಲ್ಲೇ ಬಿದ್ದಿದೆ, ಬಿಡುವಾದಾಗ ಇಬ್ಬರೂ ಬನ್ನಿ, ಮಂಡಕ್ಕಿ ಮಿರ್ಚಿ ತರಿಸುತ್ತೇನೆ. ಜೇಬಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಹತ್ತಿರ ಹೋಗಬೇಡಿ ಅಷ್ಟೇ.

— ಸಂ.