ಓದುಗರ ಪ್ರಶ್ನೆ: ವಾಟ್ಸ್‌ಆ್ಯಪ್ ವದಂತಿಯೂ ಊರಿನ ಗ್ರಂಥಾಲಯವೂ

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ. ಮೊಬೈಲಿಗೆ ಬಂದದ್ದನ್ನೆಲ್ಲ ನಂಬಿ ಮುಂದಕ್ಕೆ ಕಳಿಸುವವರನ್ನು ದಿನವೂ ನೋಡುತ್ತೇನೆ. ಸುಳ್ಳು ಹಬ್ಬಿಸುವವರಿಗೆ ಕಠಿಣ ಶಿಕ್ಷೆ ವಿಧಿಸುವ ಕಾನೂನು ಬಂದರೆ ಇದು ನಿಲ್ಲುವುದಿಲ್ಲವೇ? ಡಿಜಿಟಲ್ ಸಾಕ್ಷರತೆಯ ತರಬೇತಿಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಮ್ಮದೇ ರಾಜ್ಯದ ಒಂದು ದಾರುಣ ಘಟನೆಯನ್ನು ಮೊದಲು ನೆನೆಯೋಣ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅವರು ಮಕ್ಕಳ ಕಳ್ಳರೆಂಬ ಸಂದೇಶ ಹೊರಟಿತು. ಅವರ ಕಾರು ಮುರ್ಕಿ ಎಂಬ ಹಳ್ಳಿಗೆ ತಲುಪುವ ಮೊದಲೇ ಸಂದೇಶ ಅಲ್ಲಿಗೆ ತಲುಪಿತ್ತು. ರಸ್ತೆಗೆ ಅಡ್ಡ ನಿಂತ ಗುಂಪು ಅವರಲ್ಲಿ ಒಬ್ಬ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಆ ಸಂದೇಶವನ್ನು ಮುಂದಕ್ಕೆ ಕಳಿಸಿದವರಲ್ಲಿ ಹೆಚ್ಚಿನವರು ಸುಳ್ಳು ಹೇಳಬೇಕೆಂದು ಹೊರಟವರಲ್ಲ, ತಮ್ಮ ಮಕ್ಕಳ ಬಗ್ಗೆ ಹೆದರಿದವರು ಎಂದೇ ನಾನು ಭಾವಿಸುತ್ತೇನೆ. ಕೊಲೆಗೆ ಕಾನೂನಿನಲ್ಲಿ ಶಿಕ್ಷೆ ಆಗಲೂ ಇತ್ತು. ಆದರೆ ತಾನು ಕಳಿಸುತ್ತಿರುವುದು ಸತ್ಯವೆಂದೇ ನಂಬಿದವನನ್ನು ಆ ಗಳಿಗೆಯಲ್ಲಿ ಯಾವ ಕಾನೂನು ತಡೆದೀತು?

ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸದಂತೆ ಮಿತಿ ಹಾಕಿತು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ವದಂತಿಗೆ ಬೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹಿಡಿದಾಗ, ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಕೆಲವು ದಿನಗಳ ಮಟ್ಟಿಗೆ ನಿರ್ಬಂಧಿಸಿತ್ತು. ಇಂತಹ ಕ್ರಮಗಳು ವದಂತಿಯ ವೇಗವನ್ನು ತಗ್ಗಿಸುತ್ತವೆ, ಆದ್ದರಿಂದ ಬೇಕು. ಆದರೆ ಓದುವವನ ವಿವೇಚನೆಯನ್ನು ಅವು ಬೆಳೆಸುವುದಿಲ್ಲ.

ಇನ್ನು ಕಾನೂನಿನ ಮಾತು. ಹಣಕ್ಕಾಗಿ ಅಥವಾ ದ್ವೇಷಕ್ಕಾಗಿ ಸುಳ್ಳನ್ನು ಸೃಷ್ಟಿಸುವವರಿಗೆ ಶಿಕ್ಷೆಯಾಗಲೇಬೇಕು, ಮತ್ತು ಸುಳ್ಳು ಮಾಹಿತಿಯಿಂದ ಸಮುದಾಯಗಳ ನಡುವೆ ವೈರ ಹುಟ್ಟಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಈಗಾಗಲೇ ಅಪರಾಧವೆಂದು ಪರಿಗಣಿಸುತ್ತದೆ. ಅದನ್ನು ಮೀರಿ ಹೋದಾಗಲೆಲ್ಲ ಸತ್ಯ ಯಾವುದೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಎದುರಾಗಿದೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನ ಪದಗಳು ತೀರಾ ಅಸ್ಪಷ್ಟವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ರದ್ದುಪಡಿಸಿತು. ಕೇಂದ್ರ ಸರ್ಕಾರದ ಕುರಿತ ಸುದ್ದಿಗಳ ಸತ್ಯಾಸತ್ಯತೆಯನ್ನು ಅದರದೇ ಘಟಕ ಪರಿಶೀಲಿಸುವ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. 2025ರಲ್ಲಿ ಚರ್ಚೆಗೆ ಬಂದ ಕರ್ನಾಟಕದ ಕರಡು ಮಸೂದೆಯಲ್ಲಿ ಏಳು ವರ್ಷಗಳವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡದ ಪ್ರಸ್ತಾಪವಿತ್ತು. ಇಷ್ಟು ಭಾರವಾದ ಶಿಕ್ಷೆಯ ಭಯ ಸುಳ್ಳುಗಾರನಿಗಿಂತ ಮೊದಲು ಪ್ರಶ್ನೆ ಕೇಳುವ ಪ್ರಾಮಾಣಿಕನನ್ನು ಸುಮ್ಮನಾಗಿಸುತ್ತದೆ ಎಂಬ ಆತಂಕ ನನ್ನದೂ ಹೌದು.

ನಿಮ್ಮ ಎರಡನೆಯ ಪ್ರಶ್ನೆಗೆ ಬಿಹಾರದಿಂದ ಭರವಸೆಯ ಉತ್ತರ ಬಂದಿದೆ. ಅಲ್ಲಿ 2019ರ ಚುನಾವಣೆಯ ಹೊತ್ತಿನಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ಸುಮಾರು ಒಂದು ಗಂಟೆ ಪಾಠ ಹೇಳಿದಾಗ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ. ಮುಂದೆ ಅದೇ ರಾಜ್ಯದ 583 ಹಳ್ಳಿಗಳ 13,500ಕ್ಕೂ ಹೆಚ್ಚು ಹದಿಹರೆಯದವರ ನಡುವೆ ನಡೆದ ಅಧ್ಯಯನದಲ್ಲಿ, ಸರ್ಕಾರಿ ಯೋಜನೆಯ ಗ್ರಂಥಾಲಯಗಳಲ್ಲಿ ಕೆಲವು ವಾರಗಳ ಅವಧಿಯಲ್ಲಿ ನಾಲ್ಕು ತರಗತಿಗಳನ್ನು ನಡೆಸಿದಾಗ ಮಕ್ಕಳು ಸುಳ್ಳನ್ನು ಗುರುತಿಸುವುದನ್ನು ಕಲಿತರು. ತಿಂಗಳುಗಳ ನಂತರವೂ ಆ ಕಲಿಕೆ ಉಳಿದಿತ್ತು. ಅಂದರೆ ಒಂದು ದಿನದ ಶಿಬಿರ, ಬ್ಯಾನರು, ಪ್ರತಿಜ್ಞಾವಿಧಿ ಸಾಲದು; ಪಾಠ ಮರಳಿ ಮರಳಿ ನಡೆಯಬೇಕು. 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರು ಕೋಟಿ ಮನೆಗಳಿಗೆ ಸಾಧನ ಬಳಕೆ, ಇಂಟರ್ನೆಟ್ ಮತ್ತು ಹಣ ಪಾವತಿಯನ್ನು ಕಲಿಸುವ ಗುರಿ ಹೊಂದಿತ್ತು. ಫೋನು ಬಳಸಲು ಬರುವುದು ಬೇರೆ, ಅದರಲ್ಲಿ ಬಂದ ಮಾತನ್ನು ತೂಗಿ ನೋಡಲು ಬರುವುದು ಬೇರೆ.

ನೀವು ಕುಳಿತಿರುವ ಜಾಗವೇ ಇದಕ್ಕೆ ತಕ್ಕ ಜಾಗ. ಪಂಚಾಯತ್ ರಾಜ್ ಇಲಾಖೆಯ ಅಡಿಯಲ್ಲಿ ನಮ್ಮ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಒಳಗೆ ಬಂದಿದ್ದಾರೆ. ಮೇಲ್ವಿಚಾರಕರಿಗೆ ತರಬೇತಿ, ಕನ್ನಡದ ಪಾಠಪುಸ್ತಿಕೆ, ವರ್ಷವಿಡೀ ವೇಳಾಪಟ್ಟಿ, ಈ ಹೆಚ್ಚುವರಿ ಕೆಲಸಕ್ಕೆ ತಕ್ಕ ವೇತನ: ಇಷ್ಟನ್ನು ಸರ್ಕಾರ ಒದಗಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಪ್ರಶ್ನೆ: ನನ್ನ ತಂದೆಯವರಿಗೆ 70 ದಾಟಿದೆ. ಅವರು ಕಳಿಸುವ ಸುದ್ದಿ ಸುಳ್ಳೆಂದರೆ ನೊಂದುಕೊಳ್ಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಎಲ್ಲರಿರುವ ಕುಟುಂಬದ ಗುಂಪಿನಲ್ಲಿ ತಿದ್ದಬೇಡಿ. ಪಕ್ಕದಲ್ಲಿ ಕುಳಿತು, ಸುದ್ದಿಯ ಜೊತೆ ಬಂದ ಚಿತ್ರವನ್ನು, ಚಿತ್ರದ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲಿ ಅವರ ಕೈಯಿಂದಲೇ ಹುಡುಕಿಸಿ. ನಿನ್ನೆಯ ಪ್ರವಾಹವೆಂದು ಬಂದ ಚಿತ್ರ ಹಲವು ವರ್ಷ ಹಳೆಯದೆಂದು ಅವರೇ ಕಂಡುಕೊಳ್ಳಲಿ. ಮೇಲೆ ಹೇಳಿದ ಬಿಹಾರದ ಅಧ್ಯಯನದಲ್ಲಿ ತರಗತಿಗೆ ಹೋದವರು ಮಕ್ಕಳು ಮಾತ್ರ, ಆದರೂ ಅವರ ತಂದೆತಾಯಿಯರಲ್ಲಿಯೂ ಸುಳ್ಳುಸುದ್ದಿಯನ್ನು ಗುರುತಿಸುವ ಶಕ್ತಿ ಹೆಚ್ಚಿತ್ತು. ನಿಮ್ಮ ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ವಹಿಸಿ.