ಮಗಳ ಮಾಡೆಲಿಂಗ್ ಪೋರ್ಟ್‌ಫೋಲಿಯೋಗೆ (ಫೋಟೋ ಆಲ್ಬಂಗೆ) 18,000 ಸರಿಯಾದ ರೇಟಾ ಅಂತ ಕೇಳಿದ ಅಕ್ಕನಿಗೆ

ಅಕ್ಕ, ರೇಟಿನ ಮಾತು ಆಮೇಲೆ. ಮಾಡೆಲಿಂಗ್ ಏಜೆನ್ಸಿಯವರು ಇವತ್ತು ಸಂಜೆಯೊಳಗೆ ಕಟ್ಟಿ ಅಂದಿರುವ ಆ 2,000 ರೂಪಾಯಿ ರಿಜಿಸ್ಟ್ರೇಷನ್ ಫೀಸು ಮಾತ್ರ ಕಟ್ಟಬೇಡಿ.

ಮಾಲ್‌ನಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿ ಬಂದು ಪಾಪು ಮುದ್ದಾಗಿದೆ ಅಂತ ಫೋಟೋ ತೆಗೆದಳು, ಮೂರೇ ದಿನಕ್ಕೆ ಸೋಪಿನ ಜಾಹೀರಾತಿಗೆ ಸೆಲೆಕ್ಟ್ ಅಂತ ಫೋನ್ ಬಂತು ಅಂದಿರಲ್ಲ, ಈ ಕಥೆ ನನಗೆ ಬಾಯಿಪಾಠ. ಯಾಕೆಂದರೆ ನಾನು ಆ ಕಡೆ ಕ್ಯಾಮೆರಾ ಹಿಡಿದು ನಿಂತವನು.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಏಜೆನ್ಸಿಯವರು ಎರಡು ಭಾನುವಾರ ಕರೆದಿದ್ದರು. ದಿನಕ್ಕೆ 3,000. ಹೋಟೆಲಿನ ಹಾಲ್, ಬಿಳಿ ಪರದೆ, ಎರಡು ಲೈಟು. ಮೊದಲ ದಿನವೇ 34 ಮಕ್ಕಳು. ಹುಡುಗಿಯರಿಗೆಲ್ಲ ಅದೇ ಒಂದು ಗುಲಾಬಿ ಫ್ರಾಕು. ಬೆನ್ನಿಗೆ ಸೇಫ್ಟಿ ಪಿನ್ ಹಾಕಿ ಅಳತೆಗೆ ತರುತ್ತಿದ್ದರು. ಪಿನ್ನು ಚುಚ್ಚಿ ಒಂದು ಮಗು ಅತ್ತರೆ ಅದರ ಅಮ್ಮನೇ "ನಗು ಪುಟ್ಟಾ, ಅಂಕಲ್ ನೋಡ್ತಿದ್ದಾರೆ" ಅಂತಿದ್ದರು. ಬಂದವರಲ್ಲಿ ಒಬ್ಬರನ್ನೂ ಬೇಡ ಅನ್ನಲಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ. ಮೂರನೇ ವಾರ ಕರೆದಾಗ ಹೋಗಲಿಲ್ಲ. ಎರಡನೇ ದಿನದ ದುಡ್ಡು ಇವತ್ತಿಗೂ ಬಂದಿಲ್ಲ, ಬಿಡಿ.

ಸರಿಯಾದ ಏಜೆನ್ಸಿ ಕೆಲಸ ಕೊಡಿಸಿ, ಬಂದ ದುಡ್ಡಿನಲ್ಲಿ ಕಮಿಷನ್ ಹಿಡಿಯುತ್ತದೆ. ಮೊದಲೇ ನಿಮ್ಮಿಂದ 20,000 ಬಂದುಬಿಟ್ಟರೆ ಅವರಿಗೆ ಕೆಲಸ ಹುಡುಕುವ ದರ್ದಾದರೂ ಏನು? ರಿಫಂಡ್ ಆಗುತ್ತೆ ಅಂದರೂ ನಂಬಬೇಡಿ.

ನಾಲ್ಕು ವರ್ಷದ ಮಗುವಿಗೆ ಪೋರ್ಟ್‌ಫೋಲಿಯೋ ಬೇಡವೇ ಬೇಡ. ಆರು ತಿಂಗಳಿಗೆ ಮುಖ ಬದಲಾಗಿರುತ್ತದೆ. ಬೆಳಗ್ಗೆ ಕಿಟಕಿ ಪಕ್ಕದ ಖಾಲಿ ಗೋಡೆ ಮುಂದೆ ನಿಲ್ಲಿಸಿ, ಮೇಕಪ್ ಇಲ್ಲದೆ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಪೂರ್ತಿ ನಿಂತದ್ದು ಒಂದು ತೆಗೆಯಿರಿ. ಹೆಸರು ಹೇಳುವ ಚಿಕ್ಕ ವೀಡಿಯೋ ಇರಲಿ. ಫೋನೇ ಸಾಕು, ಲೆನ್ಸ್ ಕೊಳ್ಳಬೇಡಿ. ಬಟ್ಟೆ ಕಮ್ಮಿ ಇರುವ ಫೋಟೋ ಯಾರು ಕೇಳಿದರೂ ಕೊಡಬೇಡಿ.

ಅವರು ಮತ್ತೆ ಫೋನ್ ಮಾಡಿದರೆ ಒಂದೇ ಪ್ರಶ್ನೆ ಕೇಳಿ: ಜಿಲ್ಲಾಧಿಕಾರಿ ಅನುಮತಿ ಯಾರು ತಗೊಂಡಿದ್ದಾರೆ? ಬಾಲಕಾರ್ಮಿಕ ನಿಯಮದಲ್ಲಿ ಮಕ್ಕಳ ಶೂಟಿಂಗಿಗೆ ನಿರ್ಮಾಪಕರು ಅದನ್ನು ಪಡೆಯಲೇಬೇಕು. ದಿನಕ್ಕೆ 5 ಗಂಟೆ ಮೀರುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಲ್ಲಿ ಎಫ್‌ಡಿ ಆಗಬೇಕು. ಮಕ್ಕಳ ಜಾಹೀರಾತು ಮಾಡುವವರಿಗೆ ಇದು ಗೊತ್ತಿರುತ್ತದೆ. ಇವರು "ಅದೆಲ್ಲ ಆಮೇಲೆ ಮೇಡಂ" ಅಂತಾರೆ, ನೋಡ್ತಿರಿ.

ಜಿಎಸ್‌ಟಿ ನಂಬರ್ ಕೊಟ್ಟಿದ್ದಾರೆ ಅಂದಿರಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅದು ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಹಾಗಂತ ನಂಬರ್ ಇದ್ದ ಮಾತ್ರಕ್ಕೆ ಅವರು ಸಾಚಾ ಅಂತಲ್ಲ.

ಮನೆಯಲ್ಲಿ ಯಾರಾದರೂ ಆಗಲೇ ದುಡ್ಡು ಕಳಿಸಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಕ್ರೀನ್‌ಶಾಟ್, ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಬರುವ ವಹಿವಾಟಿನ ನಂಬರ್) ಕೈಯಲ್ಲಿರಲಿ. ಸಿಟ್ಟಿಗೆ ವಾಟ್ಸಾಪ್ ಚಾಟ್ ಮಾತ್ರ ಅಳಿಸಬೇಡಿ.